ಮೈಲವ್ವ ಮುಟ್ಟಿದ ಭಂಡಾರ

ಕೊರೊನಾ ಬಂದು ಹೋದ ಮರುವರ್ಷ ಶುರುವಾದ ಸಂಗತಿ ಇದು. ಮುಗಿದದ್ದು ಹೋದ ವರ್ಷ. ಮುಗಿಯಿತು ಎಂದು ಕೋರ್ಟು ಹೇಳಿತು, ನನಗಿನ್ನೂ ಮುಗಿದಿಲ್ಲ. ಇಲ್ಲಿ ಬರುವ ಹೆಸರುಗಳನ್ನು ಬದಲಿಸಿದ್ದೇನೆ. ಮೈಲವ್ವನ ಮರ್ಯಾದೆ ಕಾಯಲು ಹಾಗೆ ಮಾಡಿದೆ ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ನನ್ನ ಹೆದರಿಕೆಗೆ ಬದಲಿಸಿದ್ದು.

ನಮ್ಮ ಊರು ಹರಪನಹಳ್ಳಿ ತಾಲೂಕಿನಲ್ಲಿದೆ. ತೆಲಿಗಿಯಲ್ಲಿ ಬಸ್ ಇಳಿದು ಆಟೋ ಹಿಡಿದು ಒಳಗೆ ಬರಬೇಕು. ಇಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನು ಅಂಗನವಾಡಿ ಕಾರ್ಯಕರ್ತೆ. ಮಕ್ಕಳಿಗೆ ಹಾಡು ಹೇಳಿಕೊಟ್ಟಿದ್ದಕ್ಕಿಂತ ದೊಡ್ಡವರಿಗೆ ಅರ್ಜಿ ತುಂಬಿಕೊಟ್ಟಿದ್ದೇ ಹೆಚ್ಚು. ವಿಧವಾ ವೇತನ, ರೇಷನ್ ಕಾರ್ಡು, ಆಧಾರ್ ತಿದ್ದುಪಡಿ, ಏನಿದ್ದರೂ ಜನ ನನ್ನ ಬಾಗಿಲಿಗೆ ಬರುತ್ತಾರೆ. "ಟೀಚರಮ್ಮ ಕೈ ಹಾಕಿದ್ರ ಕೆಲಸ ಆದಂಗ" ಎಂದು ಯಾರಾದರೂ ಅಂದರೆ "ಸುಮ್ಮನಿರ್ರಿ, ನಂದೇನೈತಿ" ಎನ್ನುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ಯಾವ ಕಾಲಂ ಖಾಲಿ ಬಿಡಬಾರದು, ಯಾವ ಆಫೀಸಿನಲ್ಲಿ ಹೇಗೆ ಮಾತಾಡಬೇಕು ಎಂಬುದರಲ್ಲಿ ನನ್ನನ್ನು ಮೀರಿಸುವವರು ಸುತ್ತ ನಾಲ್ಕು ಹಳ್ಳಿಯಲ್ಲಿಲ್ಲ ಎಂದು ನಂಬಿದ್ದೆ.

ಮೈಲವ್ವ ಕುರಿ ಕಾಯುವ ಮನೆಯ ಹೆಣ್ಣುಮಗಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಹುಟ್ಟಿದಾಗಿನಿಂದ ಬುದ್ಧಿ ಸ್ವಲ್ಪ ನಿಧಾನ. ಶಾಲೆಗೆ ಎರಡು ವರ್ಷ ಹೋಗಿ ಬಿಟ್ಟಳು, ಮದುವೆ ಆಗಲಿಲ್ಲ. ಗಡಿಯಾರ ನೋಡಲು ಬಾರದು, ಇಪ್ಪತ್ತರ ಮೇಲೆ ಎಣಿಸಲು ಬಾರದು. ಊರಿನವರು ಆಕೆಯ ಎದುರಿಗೇ "ಅದಕ್ಕೇನು ತಿಳೀತತಿ" ಎಂದು ಮಾತಾಡಿಕೊಳ್ಳುತ್ತಿದ್ದರು. ಹಬ್ಬಕ್ಕೆ ಸೀರೆ ತಂದರೆ ಯಾವ ಬಣ್ಣ ಬೇಕೆಂದು ಆಕೆಯನ್ನು ಕೇಳಿದವರಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಮಾತ್ರ ಕೈ ಹಿಡಿದು ಕರೆದುಕೊಂಡು ಹೋಗಿ ವೋಟು ಒತ್ತಿಸುತ್ತಿದ್ದರು. ಆ ಒಂದು ದಿನ ಆಕೆಗೆ ಎಲ್ಲ ತಿಳಿಯುತ್ತಿತ್ತು.

ಆದರೆ ಅದೇ ಜನ, ಕುರಿಯೊಂದು ಮರಿ ಹಾಕಲಾರದೆ ಒದ್ದಾಡುವಾಗ, ಓಡಿ ಬರುತ್ತಿದ್ದುದು ಮೈಲವ್ವನ ಹತ್ತಿರಕ್ಕೆ. ಆಕೆಯ ಕೈ ಸಣ್ಣದು, ಹದ ಗೊತ್ತಿತ್ತು. ಆಕೆಯ ಮನೆಯಲ್ಲೇ ಮೂವತ್ತೈದು ನಲವತ್ತು ಕುರಿಗಳಿದ್ದವು. ಸಂಜೆ ಕುರಿ ಮೇದು ಬಂದಾಗ ರೊಪ್ಪದಲ್ಲಿ ಕೂಡಿಹಾಕಿದ್ದ ಮರಿಗಳನ್ನು ಒಂದೊಂದೇ ಬಿಟ್ಟು ತಾಯಿಗೆ ಕೂಡಿಸಬೇಕು. ನಮ್ಮ ಕಣ್ಣಿಗೆ ಎಲ್ಲ ಮರಿಗಳೂ ಒಂದೇ. ಮೈಲವ್ವ ತಲೆ ಎತ್ತದೆ, "ಇದು ಚುಕ್ಕೀದು, ಇದು ಕರಿಮೂತೀದು, ನೀ ಬಾರೇ ಜೋಲುಗಿವಿ" ಎನ್ನುತ್ತ ಕೂಡಿಸಿ ಮುಗಿಸುತ್ತಿದ್ದಳು. ಒಂದು ಕುರಿ ಕಡಿಮೆ ಇದ್ದರೆ ಎಣಿಸದೆಯೇ "ಮೋಟುಬಾಲ ಬಂದಿಲ್ಲ" ಎಂದು ಹೇಳುತ್ತಿದ್ದಳು. ತಾಯಿ ಸತ್ತ ಮರಿಯಿದ್ದರೆ ಬೇರೆ ಕುರಿಯ ಹಾಲನ್ನು ಕರೆದು ಮರಿಯ ಬೆನ್ನಿಗೆ ಸವರಿ, ಆ ಕುರಿ ಮೂಸಿ ನೋಡಿ ಒಪ್ಪುವವರೆಗೆ ಹಿಡಿದುಕೊಂಡು ಕೂರುತ್ತಿದ್ದಳು.

ಆಕೆಯ ತಾಯಿ ಹನುಮವ್ವ ಒಂದು ದಿನ ಅಂಗನವಾಡಿಗೆ ಬಂದಳು. ಮಕ್ಕಳು ಊಟ ಮಾಡಿ ಮಲಗಿದ್ದವು. ಹನುಮವ್ವನಿಗೆ ಎದೆನೋವು ಶುರುವಾಗಿತ್ತು.

"ಟೀಚರಮ್ಮ, ನಾನು ಇನ್ನೆಷ್ಟು ದಿನ ಇರ್ತೀನಿ. ತವರಿಂದ ಬಂದ ಎರಡೆಕರೆ ಹೊಲ, ಈ ಮನಿ, ಕುರಿ ಎಲ್ಲ ಆಕಿ ಹೆಸರಿಗೇ ಮಾಡ್ತೀನಿ. ಅದರ ಜೊತಿಗೆ ಅಂಗವಿಕಲರ ಮಾಸಾಶನ ಒಂದು ಬಂದ್ರ ಆಕಿ ಅಣ್ಣನ ಮುಂದ ಕೈ ಒಡ್ಡದು ತಪ್ಪತತಿ. ನೀವು ಮನಸ್ಸು ಮಾಡ್ರಿ."

ಮನಸ್ಸು ಮಾಡಿದೆ. ಪಟ್ಟಣದಲ್ಲಿ ಅಂಗವಿಕಲರ ತಪಾಸಣಾ ಶಿಬಿರ ಇದ್ದ ದಿನ ಮೈಲವ್ವನಿಗೆ ಹೊಸ ಸೀರೆ ಉಡಿಸಿ ಕರೆದುಕೊಂಡು ಹೋದೆ. ಡಾಕ್ಟರು ಹೆಸರು ಕೇಳಿದರು, ಹೇಳಿದಳು. ಏನು ಕೆಲಸ ಮಾಡುತ್ತೀ ಎಂದರು. ಕೇಳಬಾರದಿತ್ತು.

"ಕುರಿ ಕಾಯ್ತೀನ್ರಿ. ನಮ್ಮ ಚುಕ್ಕಿ ನಿನ್ನೆ ಎರಡು ಮರಿ ಹಾಕೇತಿ. ಒಂದಕ್ಕ ಮುಂಗಾಲು ಸ್ವಲ್ಪ ಸೊಟ್ಟ ಐತಿ, ಬಟ್ಟಿ ಕಟ್ಟೀನಿ, ಸರಿ ಹೋಗತತಿ. ನೀವು ಯಾವೂರ್ರಿ? ನಿಮ್ಮ ಮನಿಯಾಗ ಕುರಿ ಅದಾವೇನು?"

ಡಾಕ್ಟರು ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ. "ಬುದ್ಧಿ ಬೆಳವಣಿಗೆ ಸ್ವಲ್ಪ ಕಡಿಮೆ ಇದೆ, ಆದರೆ ಮಾಸಾಶನಕ್ಕೆ ಬೇಕಾದಷ್ಟು ಪ್ರಮಾಣ ಬರುವುದಿಲ್ಲಮ್ಮ" ಎಂದು ವಾಪಸ್ ಕಳಿಸಿದರು. ಬರುವಾಗ ದಾರಿಯುದ್ದಕ್ಕೂ ಮೈಲವ್ವನ ಮೇಲೆ ಸಿಡಿಮಿಡಿಗೊಂಡಿದ್ದೆ. ನಾನು ಕೈ ಹಾಕಿದ ಕೆಲಸ ಆಗಲಿಲ್ಲವಲ್ಲ ಎಂಬುದೇ ನನ್ನ ಸಂಕಟ. ಆಕೆಯನ್ನು ಒಬ್ಬ ಓದಿದ ಮನುಷ್ಯ ಮೊದಲ ಸಲ ಸರಿಯಾಗಿ ನೋಡಿ "ಈಕೆ ಅಷ್ಟೇನೂ ಅಸಮರ್ಥಳಲ್ಲ" ಎಂದು ಹೇಳಿದ್ದ ಎಂಬುದು ನನ್ನ ತಲೆಗೇ ಹೋಗಲಿಲ್ಲ.

ಮುಂದಿನ ಶಿಬಿರಕ್ಕೆ ಇನ್ನೂ ಒಂದು ತಿಂಗಳಿತ್ತು. ಅಷ್ಟೂ ದಿನ ಮೈಲವ್ವನನ್ನು ಅಂಗನವಾಡಿಗೆ ಕರೆಸಿ ಅಭ್ಯಾಸ ಮಾಡಿಸಿದೆ. ನಾನು ಮೇಜಿನ ಹಿಂದೆ ಕಾಗದ ಹಿಡಿದು ಡಾಕ್ಟರಂತೆ ಕೂರುವುದು, ಹೆಸರು ಕೇಳುವುದು, ಆಕೆ ತಲೆ ತಗ್ಗಿಸಿ ಸುಮ್ಮನಿರುವುದು. ಮೊದಲ ದಿನ ನಕ್ಕಳು. ಎರಡನೆಯ ದಿನ ಕುರಿಯ ಸುದ್ದಿ ಕೇಳಿದ ಕೂಡಲೇ ಬಾಯಿ ಬಿಟ್ಟಳು. ವಾರವಾದರೂ ಹೀಗೇ. ಕೊನೆಗೆ ಹನುಮವ್ವನೇ ದಾರಿ ತೋರಿಸಿದಳು.

"ಬರೇ ಮಾತಿಗೆ ಆಕಿ ನಿಂದ್ರಂಗಿಲ್ಲ ಟೀಚರಮ್ಮ. ಭಂಡಾರ ಮುಟ್ಟಿಸ್ರಿ."

ಮೈಲಾರಲಿಂಗನಿಗೆ ನಡೆದುಕೊಳ್ಳುವ ಮನೆಗಳಲ್ಲಿ ದೇವರ ಗೂಡಿನಲ್ಲಿ ಒಂದು ಚೀಲದಲ್ಲಿ ಅರಿಶಿನದ ಪುಡಿ ಇಟ್ಟಿರುತ್ತಾರೆ. ಅದೇ ಭಂಡಾರ. ಅದನ್ನು ಮುಟ್ಟಿ ಆಡಿದ ಮಾತನ್ನು ಅವರು ಮೀರುವುದಿಲ್ಲ. ಬಿಡಿಸಿಕೊಳ್ಳಬೇಕಾದರೆ ಮೈಲಾರಕ್ಕೇ ಹೋಗಿ ದೇವರ ಮುಂದೆ ಹೇಳಿಕೊಂಡು, ಹೊಸದಾಗಿ ಭಂಡಾರ ಹಚ್ಚಿಸಿಕೊಂಡು ಬರಬೇಕು. ನಮ್ಮದು ವಿಭೂತಿ ಹಚ್ಚುವ ಮನೆ. ಅವರ ಆ ಕಟ್ಟು ನನಗೆ ತಿಳಿದಿತ್ತು, ಆದರೆ ನನ್ನದಲ್ಲವಾದ್ದರಿಂದ ಒಂದು ಉಪಾಯದಂತೆ ಕಂಡಿತು.

ಆಣೆಯ ಮಾತನ್ನು ನಾನೇ ಹೇಳಿಕೊಟ್ಟೆ. ಮೈಲವ್ವ ತಲೆಯ ಮೇಲೆ ಸೆರಗು ಹೊದ್ದು, ಅರಿಶಿನದಲ್ಲಿ ಬೆರಳದ್ದಿ, ನಾನು ಹೇಳಿದ್ದನ್ನು ಒಂದೊಂದೇ ತುಂಡಾಗಿ ಹೇಳಿದಳು: "ಮೇಜಿನ ಹಿಂದ ಕುಂತು, ಹಾಳಿ ಇಟ್ಕಂಡು ಕೇಳೋ ಸಾಹೇಬ್ರ ಮುಂದ, ನಾನು ಬಾಯಿ ಬಿಡಂಗಿಲ್ಲ." ಈ ಒಂದು ದಿನಕ್ಕೆ, ಈ ಒಬ್ಬ ಸಾಹೇಬರಿಗೆ ಎಂದು ನಾನು ಸೇರಿಸಲಿಲ್ಲ. ಅರ್ಜಿಯಲ್ಲಿ ಒಂದು ಕಾಲಂ ಬಿಟ್ಟರೆ ಸಿಟ್ಟಾಗುವ ನಾನು ಅಷ್ಟು ದೊಡ್ಡದನ್ನು ಬಿಟ್ಟೆ.

ಎರಡನೆಯ ಶಿಬಿರದಲ್ಲಿ ಬೇರೆ ಡಾಕ್ಟರಿದ್ದರು. ಮೈಲವ್ವ ತಲೆ ಎತ್ತಲಿಲ್ಲ. ಹೆಸರು ಹೇಳಲಿಲ್ಲ, ತೋರಿಸಿದ ಚಿತ್ರ ನೋಡಲಿಲ್ಲ. "ಮನೆಯಲ್ಲೂ ಹೀಗೇನಾ?" ಎಂದು ಅವರು ಕೇಳಿದರು. "ಹೂಂನ್ರಿ ಸಾರ್, ಹಿಂಗೇ" ಎಂದೆ. ತನ್ನ ಕೆಲಸ ತಾನು ಮಾಡಿಕೊಳ್ಳಲು, ವ್ಯವಹಾರ ಅರಿಯಲು ಬಾರದವಳು ಎಂದು ಪ್ರಮಾಣಪತ್ರವಾಯಿತು. ಹೊರಗೆ ಬಂದ ಕೂಡಲೇ ಮೈಲವ್ವ ನನ್ನ ಕೈ ಹಿಡಿದು ಜಗ್ಗಿ, "ಅಕ್ಕಾ, ಹೆಂಗಿದ್ದೆ ನಾನು?" ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿದೆ. ಅಂದು ಇಬ್ಬರಿಗೂ ಖುಷಿ.

ಸುಗ್ಗಿ ಮುಗಿದ ಮೇಲೆ ಮಗಳನ್ನು ಮೈಲಾರಕ್ಕೆ ಕರೆದುಕೊಂಡು ಹೋಗಿ ಭಂಡಾರ ಬಿಡಿಸಿಕೊಂಡು ಬರುತ್ತೇನೆ ಎಂದು ಹನುಮವ್ವ ಹೇಳಿದ್ದಳು. ಸುಗ್ಗಿಯ ಹೊತ್ತಿಗೆ ಆಕೆ ಹಾಸಿಗೆ ಹಿಡಿದಳು. ಹೊಲ, ಮನೆ ಮಗಳ ಹೆಸರಿಗೆ ರಿಜಿಸ್ಟರ್ ಮಾಡಿಸಿದ ಎರಡು ತಿಂಗಳಿಗೆ ತೀರಿಕೊಂಡಳು. ಭಂಡಾರದ ಮಾತು ಆಕೆಯ ಜೊತೆಗೇ ಮಣ್ಣಾಯಿತು. ನನಗಂತೂ ಒಮ್ಮೆಯೂ ನೆನಪಾಗಲಿಲ್ಲ. ಮಾಸಾಶನದ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ ಮೇನೇಜರ ಎದುರು ಮೈಲವ್ವ ತುಟಿ ಬಿಚ್ಚಲಿಲ್ಲ. ಹೊಸ ಜಾಗ, ಹೆದರಿದ್ದಾಳೆ ಅಂದುಕೊಂಡು ಆಕೆಯ ಪರವಾಗಿ ನಾನೇ ಎಲ್ಲ ಮಾತಾಡಿದೆ. ಕೆಲಸ ಬೇಗ ಆಯಿತಲ್ಲ ಎಂದು ನೆಮ್ಮದಿಯೂ ಆಯಿತು.

ತಾಯಿ ಹೋದ ಮೇಲೂ ಮೈಲವ್ವ ಚೆನ್ನಾಗಿಯೇ ಇದ್ದಳು. ರೊಟ್ಟಿ ಬಡಿಯಲು ಬರುತ್ತಿತ್ತು, ರೇಷನ್ ನಾನು ತಂದುಕೊಡುತ್ತಿದ್ದೆ. ಹೊಲವನ್ನು ಬೀಳು ಬಿಟ್ಟು ಕುರಿ ಮೇಯಿಸಿಕೊಂಡಿದ್ದಳು. ಆಕೆಯ ಅಣ್ಣ ಬೀರಪ್ಪನಿಗೆ ಅದೇ ಕಣ್ಣಿಗೆ ಬಿತ್ತು. ಬೀರಪ್ಪ ಪಕ್ಕದ ಓಣಿಯಲ್ಲೇ ಇದ್ದ, ಟ್ರ್ಯಾಕ್ಟರ್ ಬಾಡಿಗೆಗೆ ಹೊಡೆಯುತ್ತಿದ್ದ. ಎರಡೆಕರೆ ಸುಮ್ಮನೆ ಬಿದ್ದಿದೆ, ನನಗೆ ಕೊಡು, ಕುರಿ ಮಾರಿ ಬಿಡು, ನಮ್ಮ ಮನೆಗೆ ಬಂದು ಇರು ಎಂದು ಹಿಂದೆ ಬಿದ್ದ.

"ಕುರಿ ಕೊಡಂಗಿಲ್ಲ" ಎಂದಳು ಮೈಲವ್ವ. "ಹೊಲ ಕುರಿಗೆ ಐತಿ. ನಾನು ಇಲ್ಲೇ ಇರ್ತೀನಿ."

ಇದಕ್ಕಿಂತ ಸ್ಪಷ್ಟವಾಗಿ ಯಾವ ಓದಿದವರೂ ಹೇಳಲಾರರು. ಆದರೆ ಬೀರಪ್ಪ ಕೋರ್ಟಿಗೆ ಹೋದ. ತಂಗಿಗೆ ಬುದ್ಧಿ ಭ್ರಮಣೆ, ಯಾರಾದರೂ ಹೆಬ್ಬೆಟ್ಟು ಒತ್ತಿಸಿಕೊಂಡು ಆಸ್ತಿ ಹೊಡೆದುಕೊಂಡಾರು, ಅದಕ್ಕೆ ತನ್ನನ್ನು ಪೋಷಕನಾಗಿ ನೇಮಿಸಬೇಕು ಎಂದು ಅರ್ಜಿ. ಅದರ ಹಿಂದೆ ತಾಯಿಯ ಟ್ರಂಕಿನಿಂದ ತೆಗೆದ ಒಂದು ಪ್ರಮಾಣಪತ್ರದ ನಕಲು ಲಗತ್ತಿಸಿದ್ದ. ನಾನೇ ಮಾಡಿಸಿದ್ದು.

ಉಚಿತ ಕಾನೂನು ನೆರವಿನಲ್ಲಿ ನಮಗೊಬ್ಬ ವಕೀಲರು ಸಿಕ್ಕರು. ಕೊಟ್ಟೂರು ಕಡೆಯ ಹೆಣ್ಣುಮಗಳು, ಇನ್ನೂ ಚಿಕ್ಕ ವಯಸ್ಸು. ಒಂದು ಸಂಜೆ ಊರಿಗೆ ಬಂದು ಮೈಲವ್ವನ ಕಟ್ಟೆಯ ಮೇಲೆ ಕುಳಿತರು. ಮೈಲವ್ವ ಮರಿ ಕೂಡಿಸುವುದನ್ನು ನೋಡಿದರು, ಹರಟೆ ಹೊಡೆದರು. ಮೈಲವ್ವ ಅವರಿಗೆ ಪ್ರತಿ ಕುರಿಯ ಚರಿತ್ರೆ ಹೇಳಿದಳು. ಮುಂದೆ ಮೇಜಿರಲಿಲ್ಲ, ಕೈಯಲ್ಲಿ ಹಾಳಿ ಇರಲಿಲ್ಲ.

"ಇಷ್ಟು ಸಾಕು ಟೀಚರ್" ಎಂದರು ವಕೀಲಮ್ಮ. "ಎಲ್ಲಾ ತಿಳಿದಿರಬೇಕು ಅಂತ ಕಾನೂನು ಎಲ್ಲೂ ಹೇಳಂಗಿಲ್ಲ. ತನಗ ಏನು ಬೇಕು, ಏನು ಬ್ಯಾಡ, ಕೊಟ್ರ ಏನು ಕಳಕಂತೀನಿ ಅನ್ನೋದು ತಿಳಿದ್ರ ಆತು. ಲೆಕ್ಕ ಬರದಿದ್ರೇನು, ನನಗೂ ಕುರಿ ಗುರುತು ಹಿಡಿಯಾಕ ಬರಂಗಿಲ್ಲ. ಸರ್ಟಿಫಿಕೇಟು ಒಂದು ಕಡಿ ಇರ್ಲಿ, ಜಡ್ಜ್ ಸಾಹೇಬ್ರು ತಾವೇ ಕರೆಸಿ ಮಾತಾಡಿಸ್ತಾರ. ನಮ್ಮ ಜೊತಿ ಮಾತಾಡ್ದಂಗ ಮಾತಾಡಿದ್ರ ಕೇಸು ಅಲ್ಲಿಗೇ ಮುಗೀತತಿ."

ಅಂದು ನಾನು ನಿಶ್ಚಿಂತೆಯಿಂದ ಮನೆಗೆ ಹೋದೆ. ಮೈಲವ್ವನ ಬಾಯಿ ಮುಚ್ಚಿಸುವುದಷ್ಟೇ ಕಷ್ಟ, ತೆರೆಸುವುದೇನು ದೊಡ್ಡದು ಎಂದು ಗಂಡನ ಮುಂದೆ ಹೇಳಿ ನಕ್ಕಿದ್ದೂ ನೆನಪಿದೆ.

ಕೋರ್ಟಿನ ದಿನ ಮೈಲವ್ವ ಅದೇ ಶಿಬಿರದ ಸೀರೆ ಉಟ್ಟು ಬಂದಳು. ಹಣೆಗೆ ಭಂಡಾರ ಹಚ್ಚಿಕೊಂಡಿದ್ದಳು. ನ್ಯಾಯಾಧೀಶರು ಆಕೆ ಹೆದರಬಾರದೆಂದು ತಮ್ಮ ಕೋಣೆಗೆ ಕರೆಸಿದರು. ಜೊತೆಗೆ ಇರಲಿ ಎಂದು ನನ್ನನ್ನೂ ಬಾಗಿಲ ಬಳಿ ನಿಲ್ಲಲು ಬಿಟ್ಟರು. ಇಬ್ಬರೂ ವಕೀಲರು ಒಂದು ಬದಿಗೆ ನಿಂತಿದ್ದರು. ಬೀರಪ್ಪ ಹೊರಗಿದ್ದ.

"ಕೂತ್ಕೊಳಮ್ಮ. ನೀರು ಕುಡಿತೀಯಾ?" ಎಂದರು ನ್ಯಾಯಾಧೀಶರು. ಮೈಲವ್ವ ಕೂತಳು. ತಲೆ ತಗ್ಗಿಸಿದಳು.

"ಏನಮ್ಮ ನಿನ್ನ ಹೆಸರು?"

ಮಾತಿಲ್ಲ.

"ಊಟ ಆಯ್ತಾ? ಯಾರು ಅಡುಗೆ ಮಾಡ್ತಾರೆ ಮನೇಲಿ?"

ಮಾತಿಲ್ಲ. ನಾನು ಬಾಗಿಲಿನಿಂದ "ಹೇಳವ್ವಾ, ಹೇಳು" ಎಂದೆ. ಅವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ನಿಧಾನವಾಗಿ, ಒಂದಾದ ಮೇಲೊಂದು ಕೇಳುತ್ತ ಹೋದರು. ನಿನ್ನ ಹತ್ತಿರ ಕುರಿ ಇದೆಯಂತೆ, ಅವುಗಳ ಹೆಸರು ಹೇಳು. ಅಣ್ಣನ ಮನೆಯಲ್ಲಿ ಇರಲು ಇಷ್ಟವಾ? ಹೊಲ ಯಾರದು? ಕುರಿಯ ಮಾತು ಬಂದಾಗ ಮೈಲವ್ವನ ಗಂಟಲು ಅಲುಗಿತು. ನ್ಯಾಯಾಧೀಶರೂ ಅದನ್ನು ಕಂಡಿರಬೇಕು, ಪೆನ್ನು ಕೆಳಗಿಟ್ಟು ಮುಂದೆ ಬಾಗಿದರು. ಆದರೆ ಮುಂದಿದ್ದ ಕಾಗದ ಅಲ್ಲೇ ಇತ್ತು, ಮೇಜೂ ಅಲ್ಲೇ ಇತ್ತು. ಮೈಲವ್ವ ಎರಡೂ ಕೈಗಳಿಂದ ಸೆರಗಿನ ತುದಿ ಹಿಡಿದು, ತುಟಿ ಬಿಗಿದು, ನೆಲ ನೋಡುತ್ತಲೇ ಉಳಿದಳು. ಅರ್ಧ ತಾಸು ಅವರು ಪ್ರಯತ್ನ ಬಿಡಲಿಲ್ಲ. ಕೊನೆಗೆ ಉಸಿರು ಬಿಟ್ಟು ಪೆನ್ನು ಎತ್ತಿಕೊಂಡರು.

ಹೊರಗೆ ಬಂದ ಮೇಲೆ ಕಾರಿಡಾರಿನ ಮೂಲೆಗೆ ಎಳೆದುಕೊಂಡು ಹೋಗಿ, "ಯಾಕ ಮಾತಾಡ್ಲಿಲ್ಲೇ? ಏನಾಗಿತ್ತು ನಿನಗ?" ಎಂದು ಭುಜ ಹಿಡಿದು ಅಲುಗಿಸಿದೆ.

ಆಕೆಯ ಮುಖ ಅರಳಿತ್ತು. "ನೋಡಿದ್ಯಾ ಅಕ್ಕಾ, ಒಂದು ಮಾತೂ ಆಡ್ಲಿಲ್ಲ. ಕುರಿ ಹೆಸರು ಕೇಳ್ದಾಗ ನಾಲಿಗಿ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಕಂಡೆ. ಭಂಡಾರ ಮುಟ್ಟೀನಲ್ಲ. ನೀನೇ ಮರೆತು ಹೇಳು ಹೇಳು ಅಂದಿ, ಆದ್ರೂ ನಾ ಹೇಳ್ಲಿಲ್ಲ." ಆಮೇಲೆ ಮೆಲ್ಲಗೆ, "ಮಂಡಕ್ಕಿ ಕೊಡಿಸ್ತೀಯಲ್ಲ?" ಎಂದಳು.

ಗೋಡೆಗೆ ಆತು ನಿಂತೆ. ಎರಡೂವರೆ ವರ್ಷದ ಹಿಂದೆ ನಾನು ಆಕೆಯ ಬಾಯಿಗೆ ಹಾಕಿದ ಬೀಗ ಆಕೆ ಒಂದು ದಿನವೂ ತೆಗೆದಿರಲಿಲ್ಲ. ಯಾರಿಗೂ ಕೊಟ್ಟ ಮಾತು ನೆನಪಿನಲ್ಲಿಡದ ಊರಿನಲ್ಲಿ ಮಾತು ಉಳಿಸಿಕೊಂಡವಳು ಈಕೆ ಒಬ್ಬಳೇ. ಅದಕ್ಕೇ ಆಕೆಗೆ ಬುದ್ಧಿ ಇಲ್ಲವೆಂದು ಒಳಗೆ ಬರೆದುಕೊಂಡಿದ್ದರು.

ವಕೀಲಮ್ಮನನ್ನು ಹುಡುಕಿ ಎಲ್ಲ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. "ಮಧ್ಯಾಹ್ನ ನಿಮ್ಮ ಸಾಕ್ಷಿ ಐತಿ. ಇದನ್ನೇ ಹೇಳ್ರಿ" ಎಂದರು. "ನಾನೇ ಕಲಿಸಿದ್ದೆ, ಸರ್ಟಿಫಿಕೇಟು ಹಂಗ ಬಂದಿದ್ದು, ಇವತ್ತು ಸುಮ್ಮನಿದ್ದಿದ್ದೂ ಅದಕ್ಕ ಅಂತ ಬಾಯಿ ಬಿಟ್ಟು ಹೇಳ್ರಿ. ಇನ್ನೊಮ್ಮೆ ತಪಾಸಣೆ ಮಾಡ್ಸಾಕ ನಾನು ಕೇಳ್ತೀನಿ. ಇದೊಂದೇ ದಾರಿ ಇರೋದು."

"ನನಗೇನಾಗ್ತತಿ?"

"ನಿಮಗ ಸುಳ್ಳು ಹೇಳಂಗಿಲ್ಲ ಟೀಚರ್. ಇಲಾಖೆಗೆ ಗೊತ್ತಾಗ್ತತಿ. ಕೇಸೂ ಆಗಬಹುದು."

ಗಂಡನಿಗೆ ಫೋನ್ ಮಾಡಿದೆ. ಅವರು ಸಿಟ್ಟಾಗಲಿಲ್ಲ, ಬೈಯಲಿಲ್ಲ. "ರಿಟೈರ್ ಆಗಾಕ ಎರಡು ವರ್ಷ ಐತಿ. ನೋಡ್ಕಂಡು ಮಾತಾಡು" ಎಂದಷ್ಟೇ ಹೇಳಿದರು. ಮಧ್ಯಾಹ್ನದವರೆಗೆ ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಕುಳಿತಿದ್ದೆ. ಮೈಲವ್ವ ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತಿದ್ದಳು. ಹೇಳಿಯೇ ತೀರುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಎದ್ದೆ. ಇದನ್ನು ನೀವು ನಂಬಬೇಕು.

ಸಾಕ್ಷಿ ಕಟ್ಟೆಯಲ್ಲಿ ನಮ್ಮ ವಕೀಲಮ್ಮ ಮೊದಲು ಕೇಳಿದರು. ಮೈಲವ್ವ ದಿನವೂ ಏನು ಮಾಡುತ್ತಾಳೆ, ಕುರಿ ಹೇಗೆ ನೋಡಿಕೊಳ್ಳುತ್ತಾಳೆ, ಎಲ್ಲ ಹೇಳಿದೆ. "ಹಾಗಾದರೆ ಇವತ್ತು ಯಾಕೆ ಮಾತಾಡಲಿಲ್ಲ?" ಎಂದು ಕೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು. ಟೈಪು ಮಾಡುವವರ ಬೆರಳು ನನ್ನ ಮಾತಿಗಾಗಿ ಕಾಯುತ್ತಿತ್ತು. "ಹೊಸಬರನ್ನು ಕಂಡರೆ ಹೆದರುತ್ತಾಳೆ" ಎಂದೆ. ಅವರು ಇನ್ನೂ ಒಂದು ಕ್ಷಣ ನೋಡಿದರು, ಆಮೇಲೆ ಕುಳಿತರು.

ಬೀರಪ್ಪನ ವಕೀಲರು ಎದ್ದರು. ವಯಸ್ಸಾದವರು, ಗದರುವವರಲ್ಲ. ಪ್ರಮಾಣಪತ್ರ ಮುಂದೆ ಹಿಡಿದು, "ಇದನ್ನು ಮಾಡಿಸಲು ಕರೆದುಕೊಂಡು ಹೋದವರು ನೀವೇ ತಾನೇ?" ಎಂದರು.

"ಹೌದು."

"ಅರ್ಜಿಯಲ್ಲಿರುವ ಅಕ್ಷರ ನಿಮ್ಮದು?"

"ಹೌದು."

"ಇದರಲ್ಲಿ ಬರೆದಿರುವುದು ಸುಳ್ಳಾ?"

ಮೈಲವ್ವ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು. ನಾನು ಅಷ್ಟು ಎತ್ತರದಲ್ಲಿ ನಿಂತಿರುವುದನ್ನು ಕಂಡು ಖುಷಿಯಿಂದ ನೋಡುತ್ತಿದ್ದಳು. ಹೌದು ಎನ್ನಲು ಎರಡು ಅಕ್ಷರ ಸಾಕಿತ್ತು. ನನಗೆ ಓದು ಇತ್ತು, ತಿಳಿವು ಇತ್ತು, ಇಪ್ಪತ್ತೈದು ವರ್ಷದ ಸೇವೆ ಇತ್ತು. ಬಾಯಿ ತೆರೆದರೆ ಬಂದದ್ದು ಬೇರೆ.

"ಸುಳ್ಳಲ್ಲ" ಎಂದೆ.

ಅವರು "ಮತ್ತೇನಿಲ್ಲ" ಎಂದು ಕುಳಿತರು. ಹೊರಗೆ ಬಂದಾಗ ವಕೀಲಮ್ಮ ಫೈಲು ಕಟ್ಟಿಕೊಂಡು ಮುಂದೆ ಹೋಗಿಬಿಟ್ಟಿದ್ದರು.

ತಿಂಗಳೊಳಗೆ ಆದೇಶ ಬಂತು. ನ್ಯಾಯಾಧೀಶರನ್ನು ನಾನು ದೂರುವುದಿಲ್ಲ. ಅವರ ಮುಂದೆ ಒಂದು ಕಾಗದ, ಒಬ್ಬ ಮೂಕಿ, ಒಬ್ಬ ಓದಿದ ಸಾಕ್ಷಿ ಇದ್ದದ್ದು. ಮೂರೂ ಒಂದೇ ಮಾತು ಹೇಳಿದ್ದವು. "ಸ್ವಂತ ಹಿತಾಹಿತ ಅರಿತು ವ್ಯವಹರಿಸಲು ಅಸಮರ್ಥಳು" ಎಂದು ಬರೆದು ಬೀರಪ್ಪನನ್ನು ಪೋಷಕನನ್ನಾಗಿ ಮಾಡಿದರು. ಊರಿನವರು ಬಾಯಿಮಾತಿನಲ್ಲಿ ಅನ್ನುತ್ತಿದ್ದುದಕ್ಕೆ ಈಗ ಮೊಹರು ಬಿತ್ತು. ಬಾಯಿಮಾತನ್ನಾದರೆ ಆಕೆ ನಕ್ಕು ದಾಟಿಹೋಗುತ್ತಿದ್ದಳು.

ಬೀರಪ್ಪ ವಾರದೊಳಗೆ ಕುರಿಗಳನ್ನು ಕೊಟ್ಟುಬಿಟ್ಟ. ವ್ಯಾಪಾರಿಗಳು ಗಾಡಿ ತಂದು ಹಗಲಲ್ಲೇ ತುಂಬಿದರು. ದೊಡ್ಡವನ್ನು ಒಂದು ಗಾಡಿಗೆ, ಮರಿಗಳನ್ನು ಇನ್ನೊಂದಕ್ಕೆ. ಮೈಲವ್ವ ಜಗಳವಾಡಲಿಲ್ಲ, ಅಳಲೂ ಇಲ್ಲ. ಎರಡು ಗಾಡಿಗಳ ನಡುವೆ ಓಡಾಡುತ್ತ, "ಅದು ಇದರದ್ರಿ, ಬ್ಯಾರೆ ಬ್ಯಾರೆ ಹಾಕಬ್ಯಾಡ್ರಿ, ಹಾಲು ಹೆಂಗ ಕುಡೀತಾವ" ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಅಂಗನವಾಡಿಯ ಕಿಟಕಿಯಿಂದ ನೋಡಿ ಒಳಗೆ ಹೋದೆ.

ಈಗ ಆಕೆ ಅಣ್ಣನ ಮನೆಯಲ್ಲಿದ್ದಾಳೆ. ಬೀರಪ್ಪ ಕೆಟ್ಟವನೇನಲ್ಲ. "ನನ್ನ ತಂಗೀನ ನಾನು ಹೊಡಿತೀನೇನ್ರಿ? ಮೂರು ಹೊತ್ತು ಉಣ್ಣಾಕ ಹಾಕ್ತೀನಿ, ಇನ್ನೇನು ಬೇಕು ಆಕಿಗೆ?" ಎನ್ನುತ್ತಾನೆ. ಹೊಡೆಯುವುದಿಲ್ಲ, ನಿಜ. ಹೊಲದಲ್ಲಿ ಮೆಕ್ಕೆಜೋಳ ಹಾಕಿದ್ದಾನೆ. ಮೈಲವ್ವನಿಗೆ ಮಾಡಲು ಕೆಲಸವಿಲ್ಲ. ಸಂಜೆ ಕುರಿ ಬರುವ ಹೊತ್ತಿಗೆ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಕತ್ತಲಾಗುವ ಮುಂಚೆ ಅತ್ತಿಗೆ ಒಳಗೆ ಕರೆಯುತ್ತಾಳೆ.

ಹೋದ ಬೇಸಿಗೆಯಲ್ಲಿ ಆಕೆಯನ್ನು ಮೈಲಾರಕ್ಕೆ ಕರೆದುಕೊಂಡು ಹೋದೆ. ಅದಕ್ಕೂ ಬೀರಪ್ಪನ ಒಪ್ಪಿಗೆ ಕೇಳಬೇಕಾಯಿತು, ಕಾನೂನಿನ ಪ್ರಕಾರ ಆಕೆ ಅವನ ಜವಾಬ್ದಾರಿ. ಗುಡಿಯಲ್ಲಿ ಆ ದಿನ ಜನವಿರಲಿಲ್ಲ. ಕಂಬಳಿ ಹೊದ್ದ ಒಬ್ಬ ಮುದಿ ಗೊರವಯ್ಯನಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ದೇವರ ಮುಂದೆ ಮೈಲವ್ವನನ್ನು ಕೂರಿಸಿ ಹಣೆ ತುಂಬ ಭಂಡಾರ ಬಳಿದು, "ಬಿಟ್ಟೈತವ್ವ, ಇನ್ನ ಮಾತಾಡು" ಎಂದರು.

ವಾಪಸ್ ಬರುವಾಗ ಹಡಗಲಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಮೈಲವ್ವ ಬೆರಳು ಮಡಿಸುತ್ತ ಏನೋ ಗುನುಗುತ್ತಿದ್ದಳು. ಆಮೇಲೆ ನನ್ನ ಸೆರಗು ಜಗ್ಗಿದಳು.

"ಅಕ್ಕಾ, ಆ ಸಾಹೇಬ್ರ ಹತ್ರ ಹೋಗಾನ ನಡಿ. ಅವರು ಕೇಳಿದ್ದೆಲ್ಲ ನೆನಪೈತಿ ನನಗ. ನನ್ನ ಹೆಸರು ಮೈಲವ್ವ. ಅಡಿಗಿ ನಾನೇ ಮಾಡ್ತೀನಿ. ಅಣ್ಣನ ಮನಿಯಾಗ ನಾನು ಇರಂಗಿಲ್ಲ. ಹೊಲ ನಮ್ಮವ್ವಂದು, ಈಗ ನಂದು. ಚುಕ್ಕಿ, ಕರಿಮೂತಿ, ಜೋಲುಗಿವಿ, ಮೋಟುಬಾಲ, ಕೆಂಚಿ..." ಒಂದನ್ನೂ ಬಿಡದೆ ಅಷ್ಟೂ ಕುರಿಗಳ ಹೆಸರು ಹೇಳಿದಳು. ಒಂದು ಬಸ್ಸು ಬಂದು ಹೋಯಿತು, ನಾವು ಹತ್ತಲಿಲ್ಲ. ನ್ಯಾಯಾಧೀಶರು ಕೇಳಿದ್ದ ಒಂದೊಂದು ಪ್ರಶ್ನೆಗೂ ಆಕೆಯ ಬಳಿ ಅಂದೇ ಉತ್ತರವಿತ್ತು.

"ಇವತ್ತು ಕೋರ್ಟ್ ರಜಾ ಐತಿ" ಎಂದೆ.

"ಹಂಗಾರ ನಾಳಿಗೆ ಹೋಗಾನ" ಎಂದಳು.

ಈಗಲೂ ನನ್ನನ್ನು ಕಂಡಾಗಲೆಲ್ಲ ಬಾಗಿಲಿನಿಂದಲೇ ಕೇಳುತ್ತಾಳೆ, "ಅಕ್ಕಾ, ಕೋರ್ಟ್ ತೆರದೈತೇನು?" ಇನ್ನೂ ಇಲ್ಲ ಎನ್ನುತ್ತೇನೆ. ನಂಬುತ್ತಾಳೆ. ವಕೀಲಮ್ಮ ಕೊನೆಗೂ ಮನಸ್ಸು ಕರಗಿ, ನಡೆದದ್ದನ್ನೆಲ್ಲ ಒಂದು ಅಫಿಡವಿಟ್ಟಿನಲ್ಲಿ ಬರೆದುಕೊಟ್ಟಿದ್ದಾರೆ. ನಾನು ಸಹಿ ಮಾಡಿಕೊಟ್ಟರೆ ಮತ್ತೆ ಅರ್ಜಿ ಹಾಕಬಹುದಂತೆ. ಕುರಿಗಳಂತೂ ಹೋದವು, ಮನೆ ಹೊಲವಾದರೂ ಆಕೆಯ ಕೈಗೆ ಬಂದೀತು. ಆ ಕಾಗದ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಎಷ್ಟೋ ಸಲ ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟುಕೊಂಡು ಕುಳಿತಿದ್ದೇನೆ, ಪೆನ್ನೂ ಹಿಡಿದಿದ್ದೇನೆ. ನಿವೃತ್ತಿಗೆ ಇನ್ನು ಒಂದು ವರ್ಷವಿದೆ.

ಮೈಲವ್ವ ಅಂದು ಬಾಯಿ ಬಿಡದಿದ್ದುದು ದೇವರ ಆಣೆಗೆ ಕಟ್ಟುಬಿದ್ದು. ನನಗೆ ಯಾರೂ ಭಂಡಾರ ಮುಟ್ಟಿಸಿರಲಿಲ್ಲ.